ಹೆಗಲ ಮೇಲಿನ ಕಂಬಳಿ

ಒಂದೂರಿನ ದೇಸಾಯರ ವಾಡೆಯಲ್ಲಿ ಕಟ್ಟಳೆಯೊಂದಿತ್ತು. ಧಣಿಯ ಎದುರು ಯಾರ ಹೆಗಲ ಮೇಲೂ ಬಟ್ಟೆ ಇರಕೂಡದು. ಕುರಿ ಕಾಯುವ ಮಾಳಪ್ಪ ಆಗಷ್ಟೇ ಜ್ವರದಿಂದ ಎದ್ದಿದ್ದ. ಮಾಗಿಯ ಚಳಿ ಬೇರೆ. ಅವ್ವ ಉಣ್ಣೆ ನೂತು ನೇಯಿಸಿಕೊಟ್ಟ ಕಂಬಳಿ ಹೊದ್ದೇ ವಾಡೆಗೆ ಬಂದ.

"ಏ ಮಾಳ್ಯಾ, ಕಂಬಳಿ ಇಳಸಲೇ!" ಜರತಾರಿ ಶಾಲು ಹೊದ್ದು ಕುರ್ಚಿಯಲ್ಲಿ ಕೂತಿದ್ದ ದೇಸಾಯರು ಗದರಿದರು.

"ಆತ್ರೀ ಧಣಿ," ಎಂದು ಮಾಳಪ್ಪ ಕಂಬಳಿ ಇಳಿಸಿದ. ಅದನ್ನು ನೆಲಕ್ಕೆ ಹಾಸಿ, ಸೊಂಟದ ಚೀಲದಿಂದ ಅರಿಸಿನದ ಭಂಡಾರ ತೆಗೆದು ಮೇಲೆ ಚೆಲ್ಲಿ ಕೈಮುಗಿದ. ಕಂಬಳಿ ಹಾಸಿ ಭಂಡಾರ ಹಾಕಿದರೆ ಅದು ದೇವರ ಗದ್ದುಗೆ ಎಂದು ಊರಿಗೇ ಗೊತ್ತು. ಅಂಗಳದವರೆಲ್ಲ ಕೈಮುಗಿದು ದೇಸಾಯರ ಕಡೆ ನೋಡಿದರು.

ದೇಸಾಯರು ಕುರ್ಚಿಯಿಂದ ಇಳಿದರು. ಚಪ್ಪಲಿ ಬಿಟ್ಟರು. ಶಾಲನ್ನೂ ಹೆಗಲಿನಿಂದ ತೆಗೆದು ಸೊಂಟಕ್ಕೆ ಸುತ್ತಿ ಕೈಮುಗಿದರು. ತುಸು ಹೊತ್ತಿಗೆ ಅವರ ಹಲ್ಲು ಕಟಕಟ ಎಂದವು.

"ಎಲ್ಲೀತನಕ ಹಿಂಗ ನಿಲ್ಲೂದೋ?"

"ಕಂಬಳಿ ನೆಲದ ಮ್ಯಾಲ ಇರೂತನಕ ರೀ ಧಣಿ."

"ಎತ್ತಿ ಹೆಗಲಿಗೆ ಹಾಕ್ಕೊಳ್ಳೋ ಮಾರಾಯಾ! ಇನ್ನ ಮ್ಯಾಲ ಯಾರೂ ಇಳಸೂದು ಬ್ಯಾಡ!"

ಮಾಳಪ್ಪ ಕಂಬಳಿಯನ್ನು ಕಣ್ಣಿಗೊತ್ತಿಕೊಂಡು ಹೊದ್ದ. ಮನೆಗೆ ಹೋದವನೇ ಒಲೆಯ ಮುಂದಿದ್ದ ಅವ್ವನ ಕಾಲು ಮುಟ್ಟಿದ.

"ಇದೇನೋ ಹೊಸಾದು?" ಅವ್ವ ನಕ್ಕಳು.

"ನಿನ್ನ ಕಂಬಳಿಗೆ ಇವತ್ತ ದೇಸಾಯರೂ ಕೈಮುಗದಾರ, ಯವ್ವಾ. ನಾ ನಿನ್ನ ಕಾಲು ಮುಟ್ಟಬಾರದೇನು?"