ಅಲೆ ಕವಡೆ ಎಸೆದು ಓಡುವುದೇಕೆ?

ಲೋಕಕ್ಕೆ ಇನ್ನೂ ಎಳೆ ಪ್ರಾಯ. ಹಕ್ಕಿಗಳು ಹಾರಲು ಕಲಿಯುತ್ತಿದ್ದವು, ಹೊಳೆಗಳು ದಾರಿ ಹುಡುಕುತ್ತಿದ್ದವು. ಕಡಲಪ್ಪನಿಗೆ ಮಾತ್ರ ಕೆಲಸವೇ ಇಲ್ಲ. ಇಡೀ ದಿನ ಕವಡೆಯಾಟ.

ಅವನ ಜೊತೆ ಆಡಲು ಸಿಕ್ಕವಳು ನೆಲಮ್ಮ. ನೀರಂಚಿನ ಚಪ್ಪಟೆ ಬಂಡೆಯ ಮೇಲೆ ಇಬ್ಬರೂ ಚೌಕಾಬಾರದ ಮನೆ ಬರೆಯುತ್ತಿದ್ದರು. ನಾಲ್ಕು ಕವಡೆ ಎಸೆಯುವುದು, ಅಂಗಾತ ಬಿದ್ದವನ್ನು ಎಣಿಸಿ ಕಾಯಿ ನಡೆಸುವುದು.

ಸುಮ್ಮನೆ ಆಡಿದ್ದರೆ ಚೆನ್ನಾಗಿತ್ತು. ಕಡಲಪ್ಪನಿಗೆ ಪಣ ಬೇಕು!

"ಈ ಬಂಡೆ ಇಡು ನೆಲಮ್ಮಾ. ನೀನು ಗೆದ್ದರೆ ಮುತ್ತು ಕೊಡ್ತೇನೆ," ಎಂದ.

ಮುತ್ತಿನ ಆಸೆಗೆ ನೆಲಮ್ಮ ಬಂಡೆ ಇಟ್ಟಳು. ಸೋತಳು. ಕಡಲಪ್ಪ ಅದನ್ನು ಗುಳುಂ ಎಂದು ನುಂಗಿದ. ಇನ್ನೊಂದು ಬಂಡೆ ಇಟ್ಟಳು, ಅದೂ ಗುಳುಂ. ಈ ಸಲ ಗೆದ್ದೇನು, ಈ ಸಲ ಗೆದ್ದೇನು ಎನ್ನುತ್ತಲೇ ದಂಡೆಯ ಬಂಡೆಗಳನ್ನೆಲ್ಲ ಕಳೆದುಕೊಂಡಳು. ಆಟದ ಹುಚ್ಚೇ ಹಾಗೆ ಮಗಾ, ಸೋತವರ ಕೈಯನ್ನೇ ಗಟ್ಟಿಯಾಗಿ ಹಿಡಿಯುತ್ತದೆ.

ಉಳಿದದ್ದು ಮರಳಿನ ದಂಡೆ ಒಂದೇ. ಅದನ್ನೂ ಪಣಕ್ಕಿಟ್ಟಳು!

ಸುದ್ದಿ ಕೇಳಿ ಆಮಕ್ಕ ಓಡಿ ಬಂದಳು. ಆಮೆಯ ಓಟ ನಿನಗೆ ಗೊತ್ತಲ್ಲ, ಬರುವಷ್ಟರಲ್ಲಿ ಮರಳಿನ ಮೇಲೆ ಮನೆ ಬರೆದಾಗಿತ್ತು.

"ನೆಲಮ್ಮಾ, ನನ್ನ ಮೊಟ್ಟೆಗಳು ಈ ಮರಳೊಳಗೇ ಉಂಟಲ್ಲ! ನೀರು ನುಗ್ಗಿದರೆ ಒಂದು ಮರಿಯೂ ಉಳಿಯುವುದಿಲ್ಲ!"

ನೆಲಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ, ನನಗೆ ನೆನಪೇ ಆಗ್ಲಿಲ್ಲ ಮಾರಾಯ್ತಿ! ಕಡಲಪ್ಪಾ, ಈ ಆಟ ಬೇಡ."

"ಇಟ್ಟ ಪಣ ಇಟ್ಟದ್ದೇ," ಎಂದ ಕಡಲಪ್ಪ. ಗೆದ್ದವನಿಗೆ ಮೊದಲ ಎಸೆತ. ಕವಡೆ ಕುಲುಕಿ ಎಸೆದೇಬಿಟ್ಟ.

ಆಮಕ್ಕನಿಗೆ ನೋಡಲೂ ಭಯ. ಆದರೂ ಗಲ್ಲವನ್ನು ಮರಳಿಗೆ ಊರಿ ನೋಡಿದಳು. ಒಂದು ಕವಡೆ ಅಂಗಾತವೂ ಬಿದ್ದಿಲ್ಲ, ಬೋರಲೂ ಬಿದ್ದಿಲ್ಲ! ಮೆತ್ತನೆಯ ಮರಳಲ್ಲಿ ಅರ್ಧ ಹೂತು ಓರೆಯಾಗಿ ನಿಂತಿದೆ.

"ಓರೆ! ಓರೆ!" ಎಂದು ಕೂಗಿದಳು. "ಓರೆ ಬಿದ್ದರೆ ಲೆಕ್ಕಕ್ಕಿಲ್ಲ. ಮತ್ತೆ ಎಸೀಬೇಕು!"

ಕಡಲಪ್ಪ ಮತ್ತೆ ಎಸೆದ. ಓರೆ. ಇನ್ನೊಮ್ಮೆ ಎಸೆದ. ಅದೂ ಓರೆ!

"ಈ ಮರಳಲ್ಲಿ ಆಗುವುದಿಲ್ಲ. ಬಂಡೆಯ ಮೇಲೆ ಆಡುವ," ಎಂದು ಗುರ್ರೆಂದ.

ನೆಲಮ್ಮ ಸೊಂಟಕ್ಕೆ ಕೈಯಿಟ್ಟಳು. "ಯಾವ ಬಂಡೆ ಮಾರಾಯ? ಎಲ್ಲಾ ನಿನ್ನ ಹೊಟ್ಟೆಯಲ್ಲಿ ಉಂಟಲ್ಲ!"

ಆಮಕ್ಕನಿಗೆ ಹೋದ ಜೀವ ಬಂದಂತಾಯಿತು. ನಕ್ಕಳು, ಅತ್ತಳು, ಮತ್ತೆ ನಕ್ಕಳು. ನೆಲಮ್ಮ ಉಸ್ಸಪ್ಪಾ ಎಂದು ಕಾಲು ಚಾಚಿ ಕೂತಳು. ಮುತ್ತಿನ ಮಾತು ಆಮೇಲೆ ಅವಳ ಬಾಯಲ್ಲಿ ಬರಲೇ ಇಲ್ಲ.

ಕಡಲಪ್ಪ ಎಸೆಯುತ್ತಲೇ ಇದ್ದ. ಒಂದು ದಿನ ಮರಳು ಅಲುಗಾಡಿತು. ಪುಟ್ಟ ಪುಟ್ಟ ಮರಿಗಳು ಮೇಲೆ ಬಂದು, ಅವನ ಕಾಲಡಿಯಲ್ಲೇ ನುಸುಳಿ, ಅಮ್ಮನ ಹಿಂದೆ ಈಜಿಹೋದವು. ಕವಡೆಯ ಮೇಲೇ ಕಣ್ಣಿಟ್ಟಿದ್ದವನಿಗೆ ಅದು ಕಾಣಲೇ ಇಲ್ಲ.

ನಾಳೆ ದಂಡೆಗೆ ಹೋದಾಗ ನೋಡು ಮಗಾ. ಅಲೆ ಬಂದು ಕವಡೆ ಎಸೆದು ಹಿಂದಕ್ಕೆ ಓಡುತ್ತದೆ, ಹೇಗೆ ಬಿತ್ತೆಂದು ನೋಡಲು ಮತ್ತೆ ಬರುತ್ತದೆ, ಗೊಣಗುತ್ತಾ ಬಾಚಿಕೊಂಡು ಹೋಗುತ್ತದೆ. ಕಡಲಪ್ಪನ ಮೊದಲ ಎಸೆತ ಇನ್ನೂ ಮುಗಿದಿಲ್ಲ, ಅದಕ್ಕೇ ನಿನಗೆ ಓಡಿ ಆಡಲು ದಂಡೆ ಉಳಿದಿದೆ.