ಸಣ್ಣ ಪ್ರತಿಯ ಮೇಲೆ ಕೆಂಪು ವೃತ್ತ

"ಕಣ್ಣಾರೆ ಕಂಡದ್ದಕ್ಕೂ ವಿಚಾರಣೆ ಬೇಕೆ, ಗುರುಗಳೇ?" ಎಂದು ಶಿಷ್ಯನೊಬ್ಬ ಕೇಳಿದ.

ಮಠದ ಗೋಶಾಲೆಯಲ್ಲಿ ಮರಿದೇವನೆಂಬ ಇನ್ನೊಬ್ಬ ಶಿಷ್ಯ ಕರುವಿಗೆ ಕೋಲಿನಿಂದ ಹೊಡೆದದ್ದನ್ನು ಅವನು ಬೆಳಿಗ್ಗೆ ತನ್ನ ಕೋಣೆಯ ಕಿಟಕಿಯಿಂದ ನೋಡಿದ್ದ. ಮಧ್ಯಾಹ್ನದ ಹೊತ್ತಿಗೆ ಮಠದಲ್ಲೆಲ್ಲ ಅದೇ ಮಾತು. ಸಂಜೆಯೊಳಗೆ ಮರಿದೇವನನ್ನು ಮಠದಿಂದ ಕಳಿಸಿಬಿಡಬೇಕೆಂದು ಅವನು ಹಟ ಹಿಡಿದಿದ್ದ. ಮರಿದೇವ ಏನೋ ಹೇಳಲು ಬಂದಿದ್ದ, ಯಾರೂ ಕಿವಿಗೊಡಲಿಲ್ಲ. ಈಗ ಬಟ್ಟೆಗಂಟು ಕಟ್ಟಿಕೊಂಡು ಬಾಗಿಲ ಬಳಿ ಕೂತಿದ್ದ.

"ಕೂತುಕೋ," ಎಂದರು ಗುರುಗಳು. "ನಿನಗೆ ಬಹಳ ಅವಸರವಿದ್ದಂತಿದೆ. ಅವಸರದವನೊಬ್ಬನ ಕತೆಯನ್ನೇ ಹೇಳುತ್ತೇನೆ."

ಒಬ್ಬ ಸಂಕಲನಕಾರನಿದ್ದ. ಬೇರೆಯವರು ಬೇರೆ ಊರುಗಳಲ್ಲಿ ತೆಗೆದ ವಿಡಿಯೊಗಳನ್ನು ನಗರದಲ್ಲಿ ಕೂತು ಕತ್ತರಿಸಿ, ಜೋಡಿಸಿ, ಸುದ್ದಿವಾಹಿನಿಗೆ ಕೊಡುವುದು ಅವನ ಕೆಲಸ. ಕ್ಯಾಮೆರಾ ತೆಗೆದ ಮೂಲಚಿತ್ರ ಬಹಳ ಭಾರ. ಅದು ಅಂತರ್ಜಾಲದ ಕ್ಲೌಡಿಗೆ ಏರಬೇಕಾದರೆ ತಾಸುಗಟ್ಟಲೆ ಬೇಕು. ಅದಕ್ಕೆ ಕ್ಯಾಮೆರಾದವರು ಮೊದಲು ಅದರದೊಂದು ಹಗುರವಾದ ಸಣ್ಣ ಪ್ರತಿಯನ್ನು ಕಳಿಸುತ್ತಾರೆ. ಅದನ್ನು ಪ್ರಾಕ್ಸಿ ಎನ್ನುತ್ತಾರೆ. ಎಲ್ಲಿ ಕತ್ತರಿಸಬೇಕು ಎಂದು ನೋಡಲು ಅಷ್ಟು ಸಾಕು. ಕೆಲಸ ಮುಗಿದ ಮೇಲೆ ಪ್ರತಿಯ ಜಾಗದಲ್ಲಿ ಮೂಲ ಬಂದು ಕೂರಬೇಕು. ಅದು ಅವರ ಕಟ್ಟುಪಾಡು.

ಒಂದು ದಿನ ಹೊಳೆದಂಡೆಯ ಊರಿನಲ್ಲಿ ಹರಿಗೋಲು ಮಗುಚಿತು. ಎಂಟು ವರ್ಷದ ಹುಡುಗಿಯೊಬ್ಬಳು ನೀರುಪಾಲಾದಳು. ಹೊಳೆಯ ಚಿತ್ರ ತೆಗೆಯಲು ಬಂದಿದ್ದ ಕ್ಯಾಮೆರಾಮನ್ ಆಚೆ ದಡದಲ್ಲಿದ್ದ. ಕ್ಯಾಮೆರಾವನ್ನು ಓಡುತ್ತಿದ್ದ ಹಾಗೆಯೇ ಬಿಟ್ಟು ಅವನೂ ನೀರಿಗಿಳಿದ. ಅಂಬಿಗ ಬದುಕಿ ದಡ ಸೇರಿದ. ಅಳುತ್ತ ಎಲ್ಲರೆದುರು ಒಂದೇ ಮಾತು ಹೇಳುತ್ತಿದ್ದ: "ನಾ ಹಿಡಿದಿದ್ನಿರಿ. ಫ್ರಾಕು ಹರೀತು."

ಮಧ್ಯಾಹ್ನಕ್ಕೆ ಸಣ್ಣ ಪ್ರತಿ ಬಂತು. ಸಂಕಲನಕಾರ ನೋಡಿದ. ಅಂಬಿಗನ ಕೈ ಹುಡುಗಿಯ ಹೆಗಲ ಮೇಲಿತ್ತು. ಮರುಕ್ಷಣ ಕೈ ಹಿಂದೆ ಬಂತು, ಹುಡುಗಿ ಇರಲಿಲ್ಲ. ಚಿತ್ರವನ್ನು ಹಿಗ್ಗಿಸಿ ನೋಡಿದರೆ ಬಣ್ಣದ ಚೌಕಗಳು ಬಿಟ್ಟು ಬೇರೇನೂ ಕಾಣಲಿಲ್ಲ. ತಾನು ಉಳಿಯಲೆಂದು ಮಗುವನ್ನು ತಳ್ಳಿದ್ದಾನೆ ಎಂದುಕೊಂಡ. ಅವನಿಗೆ ಮೈಯೆಲ್ಲ ಉರಿಯಿತು. ಆ ಕೈಯ ಸುತ್ತ ಒಂದು ಕೆಂಪು ವೃತ್ತ ಎಳೆದ.

ಆರು ಗಂಟೆಗೆ ಪ್ರಸಾರ. ಐದು ನಲವತ್ತಕ್ಕೆ ಅವನ ಮನಸ್ಸು ಯಾಕೋ ಅಳುಕಿತು. ಕ್ಯಾಮೆರಾಮನ್‌ಗೆ ಫೋನ್ ಮಾಡಿ, ಮೂಲ ಎಲ್ಲಿಗೆ ಬಂತು ಎಂದು ಕೇಳಿದ.

"ಇಲ್ಲಿ ನೆಟ್‌ವರ್ಕ್ ಭಾಳ ಮಂದ ಐತ್ರಿ ಸರ. ಎಲ್ಲಾ ಏರಾಕ ಮುಂಜಾನಿ ಆಗತೈತಿ. ಮೂಲ ಇರೋ ಕಾರ್ಡು ನನ್ನ ಕಡೆನೇ ಐತಿ. ಏನರ ನೋಡಿ ಹೇಳಬೇಕಿತ್ತೇನ್ರಿ?"

ಸಂಕಲನಕಾರ ತನ್ನ ವೃತ್ತವನ್ನು ನೋಡಿದ. ಕೇಳಿದರೆ ಇವನು ಏನು ಹೇಳಿಯಾನೋ. ಬೇರೆ ಏನಾದರೂ ಹೇಳಿದರೆ ವೃತ್ತ ಅಳಿಸಬೇಕು, ಮಾಡಿದ ಕೆಲಸವೆಲ್ಲ ನೀರಲ್ಲಿ ಹೋಮ. "ಏನಿಲ್ಲ ಬಿಡು," ಎಂದು ಫೋನ್ ಇಟ್ಟ. ಇನ್ನೂ ಇಪ್ಪತ್ತು ನಿಮಿಷವಿತ್ತು. ನೋಡಿ ಹೇಳಲು ಎರಡು ನಿಮಿಷ ಸಾಕಿತ್ತು.

ಆರಕ್ಕೆ ಸಣ್ಣ ಪ್ರತಿಯೇ ಪ್ರಸಾರವಾಯಿತು. ಏಳರೊಳಗೆ ಊರಿನವರು ಹರಿಗೋಲನ್ನು ಸೀಳಿ ಹಾಕಿದರು. ಅಂಬಿಗನ ಮನೆಯ ಮೇಲೆ ಕಲ್ಲು ಬಿದ್ದವು. ಅವನು ಹೆಂಡತಿಯನ್ನು ಕರೆದುಕೊಂಡು ಊರು ಬಿಟ್ಟ. ಎಲ್ಲಿಗೆ ಹೊರಟೆ ಎಂದು ಯಾರೂ ಕೇಳಲಿಲ್ಲ.

ಬೆಳಿಗ್ಗೆ ಮೂಲ ಬಂತು. ಸಂಕಲನಕಾರ ಅದೇ ಜಾಗದಲ್ಲಿ ಚಿತ್ರ ನಿಲ್ಲಿಸಿದ. ಹಿಂದೆ ಬಂದ ಆ ಮುಷ್ಟಿಯಲ್ಲಿ ಹಸಿರು ಫ್ರಾಕಿನ ಹರಿದ ತುಂಡೊಂದಿತ್ತು. ಅದರಿಂದ ಜೋತ ಹೊಲಿಗೆಯ ದಾರವೂ ನಿಚ್ಚಳವಾಗಿ ಕಾಣುತ್ತಿತ್ತು. ಮತ್ತೊಂದು ವಿಡಿಯೊ ಮಾಡಿ, ಆ ತುಂಡಿನ ಸುತ್ತ ಕೆಂಪು ವೃತ್ತ ಎಳೆದು, ಕ್ಷಮೆ ಕೇಳಿದ. ಮೊದಲಿನದನ್ನು ನೋಡಿದ್ದವರಲ್ಲಿ ಬಹಳ ಜನ ಇದನ್ನು ನೋಡಲಿಲ್ಲ. ನೋಡಬೇಕಾಗಿದ್ದ ಅಂಬಿಗ ಎಲ್ಲಿದ್ದಾನೆಂದು ಎಷ್ಟು ಹುಡುಕಿದರೂ ಗೊತ್ತಾಗಲಿಲ್ಲ.

ಗುರುಗಳು ಕತೆ ಮುಗಿಸಿದರು. ಶಿಷ್ಯನ ಮುಖ ಸಪ್ಪಗಾಗಿತ್ತು. ಆದರೂ ಪಟ್ಟು ಬಿಡಲಿಲ್ಲ.

"ತಪ್ಪು ಆ ಸಣ್ಣ ಪ್ರತಿಯದಲ್ಲವೇ, ಗುರುಗಳೇ? ಅವನು ತನಗೆ ಕಂಡದ್ದನ್ನೇ ಹೇಳಿದ."

ಬಾಗಿಲ ಬಳಿ ಮರಿದೇವ ಗಂಟು ಎತ್ತಿಕೊಂಡು ಎದ್ದು ನಿಂತಿದ್ದ. ಗುರುಗಳು ಅವನನ್ನು ನೋಡಿದರು. ಆಮೇಲೆ ಶಿಷ್ಯನ ಕಡೆ ತಿರುಗಿದರು.

"ನಿನ್ನ ಕಿಟಕಿಯಿಂದ ಗೋಶಾಲೆಗೆ ಎಷ್ಟು ಹೆಜ್ಜೆ?"