ಬೆಂಕಿಬೆಟ್ಟದ ಮನೆಯಲ್ಲಿ ನೀರು

ಲೋಕ ಆಗಷ್ಟೇ ಕಣ್ಣು ಬಿಟ್ಟಿತ್ತು ಮಕ್ಕಳೇ, ಕಲ್ಲುಗಳಿಗೂ ಇನ್ನೂ ಮೆತ್ತನೆ ಮೈ. ಆಗ ಮಳೆಕಾಡಿನ ನಡುವೆ ಒಂದು ಬೆಟ್ಟವಿತ್ತು. ಅದರ ನೆತ್ತಿಯಲ್ಲೊಂದು ದೊಡ್ಡ ಕುಳಿ, ಕುಳಿ ತುಂಬ ಕುದಿಯುವ ಬೆಂಕಿ. ಬೆಟ್ಟಕ್ಕೆ ಮೂಗಿನ ತುದಿಯಲ್ಲೇ ಕೋಪ!

ಒಂದು ಸಲ ಬೆಂಕಿ ಉಕ್ಕಿ ಕೆಳಕ್ಕೆ ಹರಿಯತೊಡಗಿತು. ಕಾಡಿನ ಜನ ಗಂಟುಮೂಟೆ ಕಟ್ಟಿದರು. ಜವನಕ್ಕ ಮಾತ್ರ ಕಟ್ಟಲಿಲ್ಲ. ಅವಳ ಮಗಳು ಹಿಂದಿನ ದಿನವಷ್ಟೇ ಹೆತ್ತಿದ್ದಳು. ಹಸಿ ಬಾಣಂತಿ, ಎದ್ದು ನಿಲ್ಲಲೂ ಆಗದು. ಬೆಂಕಿ ಗುಡಿಸಲಿಗೆ ಬಂದರೆ ತಾಯಿಯೂ ಇಲ್ಲ, ಮಗುವೂ ಇಲ್ಲ.

"ನಾನೇ ಹೋಗಿ ಬೆಟ್ಟವನ್ನ ಕೇಳ್ತೀನಿ," ಅಂದಳು ಜವನಕ್ಕ.

"ನಿನಗೇನು ತಲೆ ಕೆಟ್ಟಿದೆಯಾ?" ಅಂದರು ಜನ. ಅವಳು ಅಳಿಯನನ್ನು ಮಗಳ ಹತ್ತಿರ ಕೂರಿಸಿ ಒಬ್ಬಳೇ ಹೊರಟಳು.

ಕಾಡು ಅಂದರೆ ಎಂಥಾ ಕಾಡು ಅಂತೀರಿ! ಹಗಲಲ್ಲೇ ಕತ್ತಲು. ಮರದ ತುದಿ ನೋಡಹೋದರೆ ಕತ್ತು ನೋಯಬೇಕು. ಜಿಗಣೆ ಕಾಲಿಗೆ ಹತ್ತಿದವು, ಬೆತ್ತದ ಮುಳ್ಳು ಸೆರಗು ಹಿಡಿದೆಳೆಯಿತು.

"ಎಲ್ಲಿಗವ್ವಾ?" ಅಂತು ಹೊಳೆ.

"ಬೆಟ್ಟದ ಮನೆಗೆ."

"ಅಯ್ಯೋ, ನಾನೇ ಅದಕ್ಕೆ ಹೆದರಿ ಓಡಿ ಬರ್ತಾ ಇದ್ದೀನಿ!"

"ಎಲ್ಲಿಗವ್ವಾ?" ಅಂತು ಗಾಳಿ.

"ಬೆಟ್ಟದ ಮನೆಗೆ."

ಗಾಳಿಯೂ ಹಿಂದೆ ಸರಿಯಿತು. ಜವನಕ್ಕ ಹತ್ತಿದಳು, ಹತ್ತಿದಳು, ಹತ್ತುತ್ತಲೇ ಇದ್ದಳು.

ಮರಗಳು ಮುಗಿದವು. ಕುಳಿಯ ಅಂಚು ಬಂತು. ಬಗ್ಗಿ ನೋಡಿದಳು. ಅಬ್ಬಬ್ಬಾ! ನೆಲದ ಹೊಟ್ಟೆಯೊಳಗೆ ಇನ್ನೊಬ್ಬ ಸೂರ್ಯ ಕುದಿಯುತ್ತಿದ್ದ. ಭಯವಾಯಿತು. ಆದರೆ ಭಯಕ್ಕಿಂತ ಹೆಚ್ಚಾಗಿ, ಇಷ್ಟು ದೊಡ್ಡದನ್ನು ನೋಡೋಕೆ ತನಗಿರೋದು ಎರಡೇ ಕಣ್ಣಲ್ಲಾ ಅನ್ನಿಸಿತು. ಕೈ ತಾನಾಗಿಯೇ ಮುಗಿಯಿತು.

"ಯಾಕೆ ಬಂದೆ? ಹೇಳು!" ಗುಡುಗಿತು ಬೆಟ್ಟ.

ಜವನಕ್ಕ ಬಾಯಿ ಬಿಡಲಿಲ್ಲ. ಅವಳ ಜನರಲ್ಲಿ ಮನೆಗೆ ಬಂದವರಿಗೆ ಮೊದಲು ನೀರು, ಆಮೇಲೆ ಮಾತು. ಅಭ್ಯಾಸಬಲ ನೋಡಿ, ಬೆಂಕಿಯ ಮುಂದೆಯೂ ಕಾಲು ಮಡಚಿ ಕೂತು ಕಾದಳು!

"ಹೇಳ್ತೀಯೋ ಸುಡಲೋ?"

"ಏನಪ್ಪಾ ನೀನು! ಬಂದವಳಿಗೆ ಒಂದು ಗುಟುಕು ನೀರು ಕೊಡಬಾರದಾ? ಆಮೇಲಲ್ಲವಾ ಮಾತು?"

ಬೆಟ್ಟ ತಬ್ಬಿಬ್ಬಾಯಿತು. ಅದರ ಮನೆಗೆ ಅಲ್ಲಿಯವರೆಗೆ ಯಾರೂ ಬಂದಿರಲಿಲ್ಲ, ಎಲ್ಲರೂ ಓಡಿಹೋದವರೇ. "ನಮ್ಮನೇಲಿ ನೀರಿಲ್ಲವಲ್ಲವ್ವಾ," ಅಂತು ಸಣ್ಣ ದನಿಯಲ್ಲಿ. ನಾಚಿಕೆಯಿಂದ ಮೋಡವನ್ನು ಕರೆಯಿತು. ಮೋಡ ಸುರಿಯಿತು. ನೀರೆಲ್ಲ ಚುಂಯ್ ಅಂತ ಆವಿಯಾಯಿತು. ಮತ್ತೆ ಸುರಿಯಿತು, ಮತ್ತೆ ಚುಂಯ್!

"ನಿನ್ನ ಬೆಂಕಿಯನ್ನ ಒಳಗೆ ಇಟ್ಟುಕೊಳ್ಳದಿದ್ದರೆ ನೀರು ಎಲ್ಲಿ ನಿಲ್ಲಬೇಕು?" ಅಂತ ಮೋಡ ಗದರಿತು.

ಬೆಟ್ಟ ಕಷ್ಟಪಟ್ಟು ಬೆಂಕಿಯನ್ನೆಲ್ಲ ನುಂಗಿಕೊಂಡಿತು. ಕೆಳಗೆ ಹರಿಯುತ್ತಿದ್ದ ಬೆಂಕಿ ಇದ್ದಲ್ಲೇ ಕಲ್ಲಾಯಿತು. ಕುಳಿಯಲ್ಲಿ ನೀರು ನಿಂತಿತು. ಜವನಕ್ಕ ಬೊಗಸೆ ತುಂಬ ಕುಡಿದಳು.

"ಈಗ ಹೇಳವ್ವಾ, ಏನು ಬೇಕಿತ್ತು?"

ಜವನಕ್ಕ ಕೆಳಗೆ ನೋಡಿದಳು. ದೂರದಲ್ಲಿ ಅವಳ ಗುಡಿಸಲು ಹಾಗೇ ಇತ್ತು. ಅವಳಿಗೆ ಅಳು ಬಂತು.

"ಏನೂ ಇಲ್ಲಪ್ಪಾ. ಬಾಯಾರಿತ್ತು, ಅಷ್ಟೇ."

ಇನ್ನೊಬ್ಬರು ಬಂದರೆ ನೀರಿಲ್ಲ ಅನ್ನಬಾರದಲ್ಲಾ ಅಂತ ಬೆಟ್ಟ ಆ ನೀರನ್ನು ಚೆಲ್ಲಲೇ ಇಲ್ಲ. ಅದಕ್ಕೇ ಮಕ್ಕಳೇ, ಕಾಡು ದಾಟಿ ಅಂಥ ಬೆಟ್ಟ ಹತ್ತಿದರೆ ಇವತ್ತಿಗೂ ಕುಳಿ ತುಂಬ ತಣ್ಣನೆ ನೀರಿರುತ್ತೆ, ಕಡಿಮೆಯಾಗಿದೆಯೇನೋ ಅಂತ ಮೋಡ ಬಂದು ಬಗ್ಗಿ ನೋಡ್ತಾ ನಿಂತಿರುತ್ತೆ.